ಹಗುರ ಕಾರಿನ ಭಾರವಾದ ಲೆಕ್ಕ

1947ರಲ್ಲಿ ಬ್ರಿಟನ್ ಸರ್ಕಾರ ಖಾಸಗಿ ಕಾರುಗಳಿಗೆ ಕೊಡುತ್ತಿದ್ದ ಪೆಟ್ರೋಲ್ ಪಡಿತರವನ್ನು ರದ್ದುಪಡಿಸಿತು. ಯುದ್ಧದಲ್ಲಿ ಗೆದ್ದರೂ ಬೊಕ್ಕಸ ಬರಿದಾಗಿದ್ದ ದೇಶ ಅದು. ಆ ಒಂದು ಆದೇಶದಿಂದ ಲಂಡನ್ನಿನ ಹಳೆಯ ಕಾರುಗಳ ಮಾರುಕಟ್ಟೆ ಕುಸಿದುಬಿತ್ತು. ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಲೇ ಸೆಕೆಂಡ್‌ಹ್ಯಾಂಡ್ ಕಾರುಗಳ ವ್ಯಾಪಾರ ನಡೆಸುತ್ತಿದ್ದ ಹತ್ತೊಂಬತ್ತರ ಹುಡುಗನೊಬ್ಬ ತನ್ನಲ್ಲಿದ್ದ ಕಾರುಗಳನ್ನು ಸಿಕ್ಕಿದಷ್ಟು ಬೆಲೆಗೆ ಮಾರಿ ಕೈತೊಳೆದುಕೊಂಡ. ಕೊನೆಗೆ ಯಾರಿಗೂ ಬೇಡವಾಗಿ ಉಳಿದದ್ದು ಒಂದು ಆಸ್ಟಿನ್ ಸೆವೆನ್. ಹುಡುಗನ ಹೆಸರು ಕಾಲಿನ್ ಚಾಪ್‌ಮನ್. ಮಾರಾಟವಾಗದ ಆ ಪುಟ್ಟ ಕಾರಿನಿಂದಲೇ ಮುಂದೆ ಲೋಟಸ್ ಎಂಬ ಹೆಸರು ಹುಟ್ಟಿತು.

1928ರಲ್ಲಿ ರಿಚ್‌ಮಂಡ್‌ನಲ್ಲಿ ಹುಟ್ಟಿದ ಚಾಪ್‌ಮನ್ ಬೆಳೆದದ್ದು ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ. ತಂದೆ ಅಲ್ಲಿ ರೈಲ್ವೆ ಹೋಟೆಲ್ ನಡೆಸುತ್ತಿದ್ದರು. ಕೈಯಲ್ಲಿ ಉಳಿದಿದ್ದ ಕಾರಾದರೋ ಬಡ ಮಧ್ಯಮವರ್ಗದ ವಾಹನ. ಹರ್ಬರ್ಟ್ ಆಸ್ಟಿನ್ 1922ರಲ್ಲಿ ಮಾರುಕಟ್ಟೆಗೆ ತಂದ ಈ ಕಾರು 1939ರವರೆಗೆ ಮೂರು ಲಕ್ಷದ ಸಮೀಪದ ಸಂಖ್ಯೆಯಲ್ಲಿ ತಯಾರಾಯಿತು. ಅದರ 747 ಸಿಸಿ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್‌ಗಳಿದ್ದರೂ ಸಾಧಾರಣ ಮಾದರಿಗಳು ಕೊಡುತ್ತಿದ್ದ ಶಕ್ತಿ 10 ಅಶ್ವಶಕ್ತಿಯ ಆಸುಪಾಸಿನದು. ಇಂದಿನ 150 ಸಿಸಿ ಬೈಕ್ ಕೂಡ ಅದನ್ನು ಮೀರಿಸುತ್ತದೆ.

ಆದರೂ ಇಂಗ್ಲೆಂಡಿನ ಹವ್ಯಾಸಿಗಳಿಗೆ ಆ ಎಂಜಿನ್ ಪಾಠಶಾಲೆಯಂತಿತ್ತು. ಸಿಲಿಂಡರ್ ಹೆಡ್‌ನ ತಳವನ್ನು ತೇಯ್ದು ಒತ್ತಡ ಹೆಚ್ಚಿಸುವುದು, ವಾಲ್ವ್‌ಗಳಿಗೆ ಜೋಡಿ ಸ್ಪ್ರಿಂಗ್ ಹಾಕುವುದು, ಫ್ಲೈವೀಲ್‌ನ ತೂಕ ಇಳಿಸುವುದು, ಎರಡು ಕಾರ್ಬ್ಯುರೇಟರ್ ಕೂಡಿಸುವುದು ಇವೆಲ್ಲ ಮನೆಯ ಹಿಂದಿನ ಶೆಡ್ಡಿನಲ್ಲಿಯೇ ನಡೆಯುತ್ತಿದ್ದವು. ಆದರೆ ಇದಕ್ಕೊಂದು ಮಿತಿಯಿತ್ತು. ಹಳೆಯ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ಗೆ ಎರಡೇ ಬೇರಿಂಗ್‌ಗಳ ಆಧಾರ. ವೇಗ ಮಿತಿಮೀರಿದರೆ ಅದು ನಡುವೆ ಬಾಗಿ ಮುರಿಯುವ ಅಪಾಯವಿತ್ತು. ಹಾಗಾಗಿ ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದರಷ್ಟೇ ಮುಖ್ಯ ಅದು ಎಷ್ಟು ಚೆನ್ನಾಗಿ ಉಸಿರಾಡುತ್ತದೆ ಎಂಬುದು.

1948ರಲ್ಲಿ ಚಾಪ್‌ಮನ್, ಮುಂದೆ ತನ್ನ ಪತ್ನಿಯಾದ ಹೇಝಲ್ ವಿಲಿಯಮ್ಸ್‌ಳ ತಂದೆತಾಯಿಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಆ ಆಸ್ಟಿನ್‌ನ ಹಳೆಯ ಮೈಯನ್ನು ಕಳಚಿ, ಪ್ಲೈವುಡ್ ಮತ್ತು ಅಲ್ಯೂಮಿನಿಯಂ ಹಾಳೆಗಳಿಂದ ಹೊಸ ಮೈ ಕಟ್ಟಿದ. ಅದೇ ಮೊದಲ ಲೋಟಸ್. ಕಮಲದ ಹೆಸರನ್ನೇ ಏಕೆ ಆರಿಸಿಕೊಂಡನೆಂಬುದನ್ನು ಆತ ಬಿಡಿಸಿ ಹೇಳಲಿಲ್ಲ.

ಆತನ ಪ್ರತಿಭೆ ಬೆಳಕಿಗೆ ಬಂದದ್ದು 1951ರಲ್ಲಿ, ಮೂರನೆಯ ಮಾದರಿಯ ಕಾರಿನಿಂದ. 750 ಮೋಟಾರ್ ಕ್ಲಬ್ ಬಡ ಹವ್ಯಾಸಿಗಳಿಗಾಗಿಯೇ ಆಸ್ಟಿನ್ ಸೆವೆನ್ ಆಧಾರಿತ ಪಂದ್ಯಗಳನ್ನು ನಡೆಸುತ್ತಿತ್ತು. ಆ ಎಂಜಿನ್‌ನ ನಾಲ್ಕು ಸಿಲಿಂಡರ್‌ಗಳಿಗೆ ಇಂಧನಮಿಶ್ರಿತ ಗಾಳಿ ಒಳಬರಲು ಇದ್ದ ದ್ವಾರಗಳು ಎರಡೇ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಂದೇ ದ್ವಾರದಿಂದ, ಒಂದರ ಬೆನ್ನಿಗೇ ಇನ್ನೊಂದು ಉಸಿರೆಳೆಯಬೇಕಿತ್ತು. ಮೊದಲನೆಯದರ ವಾಲ್ವ್ ಮುಚ್ಚಿಕೊಳ್ಳುವ ಮುನ್ನವೇ ಎರಡನೆಯದು ತೆರೆದು ಅದರ ಪಾಲನ್ನು ಕಸಿಯುತ್ತಿತ್ತು. ಚಾಪ್‌ಮನ್ ಆ ದ್ವಾರದ ನಡುವೆ ಲೋಹದ ತೆಳು ತಗಡೊಂದನ್ನು ಗೋಡೆಯಂತೆ ನಿಲ್ಲಿಸಿದ. ಒಂದು ದಾರಿ ಎರಡಾಯಿತು; ಸಿಲಿಂಡರ್‌ಗಳ ಜಗಳ ನಿಂತಿತು. ಕಾರು ಎದುರಾಳಿಗಳನ್ನು ಎಷ್ಟು ಹಿಂದೆ ಹಾಕಿತೆಂದರೆ, ಕ್ಲಬ್ ತನ್ನ ನಿಯಮವನ್ನೇ ತಿದ್ದಿ ಆ ತಗಡನ್ನು ನಿಷೇಧಿಸಿತು.

ಚಾಪ್‌ಮನ್‌ನ ಇಡೀ ಬದುಕಿನ ಬೀಜ ಈ ತಗಡಿನಲ್ಲಿದೆ. ಇತರರು ಶಕ್ತಿಯನ್ನು ಹೇಗೆ ಕೂಡಿಸಬಹುದೆಂದು ಯೋಚಿಸುವಾಗ, ಈತ ಯಾವ ಅಡ್ಡಿಯನ್ನು ಕಳೆಯಬಹುದೆಂದು ಹುಡುಕುತ್ತಿದ್ದ. ನಿಯಮದ ಪುಸ್ತಕವನ್ನು ಓದುವಾಗ ಅದರಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದರ ಮೇಲೆ ಆತನ ಕಣ್ಣು. ಎರಡೂ ಬಡತನ ಕಲಿಸಿದ ವಿದ್ಯೆಗಳು.

1952ರಲ್ಲಿ ಹೇಝಲ್ ಕೊಟ್ಟ 25 ಪೌಂಡ್ ಸಾಲದ ನೆರವಿನಿಂದ, ತಂದೆಯ ಹೋಟೆಲಿನ ಹಿಂದಿದ್ದ ಹಳೆಯ ಲಾಯದಲ್ಲಿ ಕಂಪನಿ ಕಣ್ಣುಬಿಟ್ಟಿತು. ಹತ್ತು ವರ್ಷಗಳಲ್ಲಿ ಅದು ಫಾರ್ಮುಲಾ ಒನ್ ಪಂದ್ಯಗಳ ಮುಂಚೂಣಿಗೆ ಬಂದಿತ್ತು. 1962ರ ಲೋಟಸ್ 25ರಲ್ಲಿ ಕೊಳವೆಗಳ ಚೌಕಟ್ಟು ಮಾಯವಾಗಿ, ಕಾರಿನ ಒಡಲೇ ಅದರ ಅಸ್ಥಿಪಂಜರವಾಯಿತು. 1967ರ ಲೋಟಸ್ 49ರಲ್ಲಿ ಎಂಜಿನ್ ಅನ್ನು ಹೊರುವ ಹಿಂಭಾಗದ ಚೌಕಟ್ಟೇ ಇಲ್ಲ. ಎಂಜಿನ್ ತಾನೇ ಕಾರಿನ ಬೆನ್ನೆಲುಬು. 1978ರ ಲೋಟಸ್ 79 ತಲೆಕೆಳಗಾದ ವಿಮಾನದ ರೆಕ್ಕೆಯಂತೆ ಗಾಳಿಯ ನೆರವಿನಿಂದ ನೆಲಕ್ಕಂಟಿಕೊಂಡು ಓಡಿತು. ಚಾಪ್‌ಮನ್‌ನ ಜೀವಿತಕಾಲದಲ್ಲಿ ತಯಾರಕರ ವಿಶ್ವ ಪ್ರಶಸ್ತಿ ಏಳು ಬಾರಿ ಲೋಟಸ್‌ಗೆ ಒಲಿಯಿತು.

ಆದರೆ ಕಳೆಯುವ ಲೆಕ್ಕದಲ್ಲಿ ಶೇಷವಾಗಿ ಉಳಿದದ್ದು ಮನುಷ್ಯರ ಮೈ. 1960ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್‌ನ ಚಕ್ರ ಕಳಚಿ ಆತ ತೀವ್ರವಾಗಿ ಗಾಯಗೊಂಡ. 1969ರಲ್ಲಿ ಸ್ಪೇನಿನ ಪಂದ್ಯದಲ್ಲಿ ರೆಕ್ಕೆ ಮುರಿದು ಅಪಘಾತಕ್ಕೀಡಾದ ಯೋಹೆನ್ ರಿಂಟ್, ಕೆಲವೇ ಪೌಂಡ್ ತೂಕ ಹೆಚ್ಚಾದರೂ ಚಿಂತೆಯಿಲ್ಲ, ದುರ್ಬಲ ಭಾಗಗಳನ್ನು ಗಟ್ಟಿಗೊಳಿಸಬೇಕೆಂದು ಚಾಪ್‌ಮನ್‌ಗೆ ಪತ್ರ ಬರೆದಿದ್ದ. ಮರುವರ್ಷ ಮೊಂಝಾದಲ್ಲಿ ಅಭ್ಯಾಸದ ವೇಳೆ ಆತನ ಲೋಟಸ್ 72ರ ಮುಂದಿನ ಬ್ರೇಕಿನ ಶಾಫ್ಟ್ ತುಂಡಾಯಿತು. ಸರಿಯಾಗಿ ಅಳವಡಿಸದ ರಸ್ತೆಬದಿಯ ತಡೆಗೋಡೆಯೂ ಸಾವಿಗೆ ಕಾರಣವೆಂದು ತನಿಖೆ ಹೇಳಿತು. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ದಕ್ಕಿದ್ದು ತೀರಿಹೋಗಿದ್ದ ರಿಂಟ್‌ಗೆ.

ನಿಯಮದ ಸಂದುಗಳನ್ನು ಹುಡುಕುವ ಚಾಳಿಯೂ ಪಂದ್ಯದ ಅಂಗಳದಲ್ಲೇ ನಿಲ್ಲಲಿಲ್ಲ. ಉತ್ತರ ಐರ್ಲೆಂಡಿನಲ್ಲಿ ಸರ್ಕಾರದ ಹಣದಿಂದ ತಲೆಯೆತ್ತಿದ ಡಿಲೋರಿಯನ್ ಕಾರಿನ ತಾಂತ್ರಿಕ ಹೊಣೆಯನ್ನು ಲೋಟಸ್ ಹೊತ್ತಿತ್ತು. ಆ ಕಂಪನಿ 1982ರಲ್ಲಿ ಮುಳುಗಿತು. ಅಭಿವೃದ್ಧಿಗೆಂದು ಕೊಟ್ಟ ಕೋಟ್ಯಂತರ ಹಣ ಬೇರೆಡೆಗೆ ಹರಿದಿತ್ತು. ಅದೇ ಡಿಸೆಂಬರ್ 16ರಂದು, 54ನೇ ವಯಸ್ಸಿನಲ್ಲಿ, ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡ. 1992ರಲ್ಲಿ ಲೋಟಸ್‌ನ ಹಣಕಾಸು ಮುಖ್ಯಸ್ಥ ಜೈಲಿಗೆ ಹೋದಾಗ, ಚಾಪ್‌ಮನ್ ಬದುಕಿದ್ದರೆ ಕನಿಷ್ಠ ಹತ್ತು ವರ್ಷಗಳ ಶಿಕ್ಷೆ ಆಗುತ್ತಿತ್ತೆಂದು ನ್ಯಾಯಾಧೀಶರು ಅಭಿಪ್ರಾಯಪಟ್ಟರು.

ಹಾಗೆಂದು ಆತನ ಸಾಧನೆಯನ್ನು ಅಳಿಸಿಹಾಕಲಾಗದು. ಇಂದಿನ ಫಾರ್ಮುಲಾ ಒನ್ ಕಾರುಗಳಲ್ಲಿಯೂ ಒಡಲೇ ಅಸ್ಥಿಪಂಜರ, ಎಂಜಿನ್ನೇ ಬೆನ್ನೆಲುಬು. ಆದರೆ ಇಂದು ಅವು ಕಠಿಣವಾದ ಅಪಘಾತ ಪರೀಕ್ಷೆಗಳಲ್ಲಿ ತೇರ್ಗಡೆಯಾಗದೆ ಪಂದ್ಯಕ್ಕಿಳಿಯುವಂತಿಲ್ಲ. ಆತ ಕಳೆದದ್ದರಲ್ಲಿ ಯಾವುದು ಹೊರೆ, ಯಾವುದು ರಕ್ಷೆ ಎಂಬುದನ್ನು ಆ ಕ್ರೀಡೆ ಹಲವು ಸಾವುಗಳ ನಂತರ ಬೇರ್ಪಡಿಸಿಕೊಂಡಿತು.

ಮಿತವ್ಯಯ ಮತ್ತು ದಕ್ಷತೆಯ ಹೆಸರಿನಲ್ಲಿ ಅನವಶ್ಯಕವೆನಿಸಿದ್ದನ್ನೆಲ್ಲ ಕತ್ತರಿಸುವುದು ಕಾರು ಕಟ್ಟುವವರ ಹವ್ಯಾಸ ಮಾತ್ರವಲ್ಲ. ಆಡಳಿತ, ಉದ್ಯಮಗಳಲ್ಲಿಯೂ ಅದೇ ಮಂತ್ರ. ಏನೂ ಇಲ್ಲದವನು ಕಳೆಯುತ್ತಾ ಹೋದರೆ ಅದು ಜಾಣ್ಮೆ. ಎಲ್ಲವೂ ಇದ್ದಾಗ ಕಳೆಯುವವನು ಮಾತ್ರ, ತಾನು ತೆಗೆದ ಭಾಗದ ಮೇಲೆ ಯಾರ ಜೀವ ಆತುಕೊಂಡಿತ್ತೆಂದು ಮೊದಲು ಕೇಳಿಕೊಳ್ಳಬೇಕು.