ಗೊಬ್ಬರಗಳನ್ನೆಲ್ಲ ಒಂದೇ ಡ್ರಮ್ಮಿಗೆ ಸುರಿಯಬಹುದೇ? ಉತ್ತರ ಕೋಲ್ಮನ್ ಸಾಹೇಬರ ಬದುಕಿನಲ್ಲಿದೆ

ವಾಟ್ಸಾಪ್‌ನಲ್ಲಿ ಒಂದು ಸಂದೇಶ ಮತ್ತೆ ಮತ್ತೆ ಬರುತ್ತಿದೆ. ಕ್ಯಾಲ್ಸಿಯಂ ನೈಟ್ರೇಟ್, ಮೆಗ್ನೀಸಿಯಂ ಸಲ್ಫೇಟ್, 0-52-34, ಮೇಲೊಂದಿಷ್ಟು ಯೂರಿಯಾ, ಎಲ್ಲವನ್ನೂ ಒಂದೇ ಡ್ರಮ್ಮಿನಲ್ಲಿ ಗಟ್ಟಿಯಾಗಿ ಕರಗಿಸಿಟ್ಟುಕೊಂಡು ಹನಿ ನೀರಾವರಿಯಲ್ಲಿ ಬಿಟ್ಟರೆ ಸಾಕಂತೆ, ಬರೀ ಮರಳಿನಲ್ಲೂ ಮಣ್ಣಿಲ್ಲದ ಪೈಪಿನಲ್ಲೂ ಬೆಳೆ ಬರುತ್ತದಂತೆ. ತಲಕಾಡಿನ ಕಡೆಯ ಓದುಗರೊಬ್ಬರು ಇದನ್ನು ನಮಗೆ ಕಳಿಸಿದ್ದರು. ಜೊತೆಗೆ ತಮ್ಮ ಡ್ರಮ್ಮಿನ ತಳದಲ್ಲಿ ನಿಂತ ಬಿಳಿ ಗಷ್ಟಿನ ಫೋಟೋ. ಗೊಬ್ಬರ ಕಲಬೆರಕೆಯೇ ಎಂಬುದು ಅವರ ಪ್ರಶ್ನೆ.

ಮರಳಿನಲ್ಲಿ ಬೆಳೆ ಬರುತ್ತದೆ ಎಂಬುದು ಸುಳ್ಳಲ್ಲ. ದೇವಸ್ಥಾನಗಳನ್ನೇ ಮುಚ್ಚಿದ ತಲಕಾಡಿನ ಮರಳನ್ನು ಅಲಮೇಲಮ್ಮನ ಶಾಪವೆಂದು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಗಿಡದ ದೃಷ್ಟಿಯಲ್ಲಿ ಮರಳಿನ ದೋಷ ಇಷ್ಟೇ: ಅದು ನೀರನ್ನೂ ಗೊಬ್ಬರವನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಕರಗಿದ ಲವಣಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಲೇ ಇರಬೇಕು. ಸಂದೇಶದಲ್ಲಿ ತಪ್ಪಿರುವುದು ಎರಡು ಕಡೆ: ಲವಣದ ಆಯ್ಕೆಯಲ್ಲಿ ಮತ್ತು ಬೆರೆಸುವ ರೀತಿಯಲ್ಲಿ. ಈ ಎರಡನ್ನೂ ಅರ್ಥ ಮಾಡಿಕೊಳ್ಳಲು ಮೈಸೂರು ಸಂಸ್ಥಾನದಲ್ಲಿ ದುಡಿದ ಒಬ್ಬ ಕೆನಡಾದವರ ಕಥೆ ಹೇಳುವುದೇ ಸುಲಭ ಎನಿಸಿತು.

ಲೆಸ್ಲಿ ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊದಲ್ಲಿ ಓದಿ, ಮುಂದಿನ ಸಂಶೋಧನೆಗೆ ಜರ್ಮನಿಯ ಗಟ್ಟಿಂಗೆನ್‌ಗೆ ಹೋದರು. ಅಲ್ಲಿ ಅವರು ಹಿಡಿದ ವಿಷಯ ನೈಟ್ರೀಕರಣ. ಅಂದರೆ, ಮಣ್ಣಿನಲ್ಲಿರುವ ಅಮೋನಿಯವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಮಾರ್ಪಡಿಸುವ ಕ್ರಿಯೆ. ಆ ಪ್ರಬಂಧ 1908ರಲ್ಲಿ ಪ್ರಕಟವಾಯಿತು.

ನಮ್ಮ ಫಾರ್ವರ್ಡಿನ ಮೊದಲ ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ. ಹೊಲಕ್ಕೆ ಎರಚಿದ ಯೂರಿಯಾ ಮೊದಲು ಅಮೋನಿಯಂ ಆಗಬೇಕು, ಆಮೇಲೆ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡಬೇಕು. ಜೀವವಿರುವ ಮಣ್ಣಿನಲ್ಲಿ ಈ ಕೆಲಸ ನಮಗೆ ಕಾಣದಂತೆ ನಡೆಯುತ್ತದೆ. ಹೊಸದಾಗಿ ಜೋಡಿಸಿದ ಪೈಪಿನ ನೀರಿನಲ್ಲಿ ಈ ಕೆಲಸಗಾರರು ಇರುವುದು ತೀರ ಕಡಿಮೆ. ಯೂರಿಯಾ ಯೂರಿಯಾ ಆಗಿಯೇ ಉಳಿಯಬಹುದು, ಇಲ್ಲವೇ ಅಮೋನಿಯಂ ಹೆಚ್ಚಾಗಿ ಬೇರಿಗೇ ಪೆಟ್ಟು ಬೀಳಬಹುದು. ಮಣ್ಣಿಲ್ಲದ ಬೆಳೆಯಲ್ಲಿ ಸಾರಜನಕದ ಬಹುಪಾಲನ್ನು ನೈಟ್ರೇಟ್ ರೂಪದಲ್ಲೇ, ಅಂದರೆ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ (ಅಂಗಡಿಯಲ್ಲಿ 13-0-45) ಮೂಲಕ ಕೊಡುವುದು ಇದಕ್ಕೇ. ಯೂರಿಯಾ ಅಗ್ಗ ಎಂಬುದು ನಿಜ, ಆದರೆ ಈ ಜಾಗಕ್ಕೆ ಅದು ತಕ್ಕದ್ದಲ್ಲ.

1908ರಲ್ಲೇ ಕೋಲ್ಮನ್ ಮೈಸೂರಿಗೆ ಬಂದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಕೆಲಸ, ಬೆಳೆಗೆ ಬರುವ ಕೀಟ ಮತ್ತು ರೋಗಗಳ ತಜ್ಞನದು. ರಾಗಿ, ಜೋಳ ತಿನ್ನುವ ರೆಕ್ಕೆಯಿಲ್ಲದ ದಖನ್ ಮಿಡತೆಯ ಮೇಲೂ ಅವರು ಕೆಲಸ ಮಾಡಿದರು. ಆ ಮಿಡತೆಯ ವೈಜ್ಞಾನಿಕ ಹೆಸರು ಕೋಲ್ಮೇನಿಯಾ, ಅವರದ್ದೇ ಹೆಸರು. ಆದರೆ ಮಲೆನಾಡಿನವರು ಅವರನ್ನು ನೆನೆಯುವುದು ಅಡಿಕೆಯ ಕೊಳೆರೋಗದಿಂದ.

ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರಿ, ವರ್ಷದ ದುಡಿಮೆಯೆಲ್ಲ ಮರದ ಬುಡದಲ್ಲಿ ಹರಡಿ ಬೀಳುತ್ತಿತ್ತು. ತೋಟದವರಿಗೆ ಗೊತ್ತಿದ್ದ ಉಪಾಯ ಕೊಟ್ಟೆ ಕಟ್ಟುವುದು, ಅಂದರೆ ಪ್ರತಿ ಗೊನೆಗೂ ಮಳೆ ತಾಗದಂತೆ ಹೊದಿಕೆ ಹೊದಿಸುವುದು. ಇದನ್ನು ಮೂಢನಂಬಿಕೆ ಎಂದು ನಗಬೇಡಿ, ಕೊಟ್ಟೆ ನಿಜಕ್ಕೂ ಕೆಲಸ ಮಾಡುತ್ತಿತ್ತು. ಕೊಳೆ ತರುವುದು ಶಿಲೀಂಧ್ರವನ್ನು ಹೋಲುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ, ಅದು ಹರಡಲು ನೀರಿನ ಪದರ ಬೇಕು. ಗೊನೆ ಒಣಗಿದ್ದರೆ ಅದರ ಆಟ ನಡೆಯದು. ಆದರೆ ಮರ ಮರ ಹತ್ತಿ ಗೊನೆ ಗೊನೆಗೆ ಕೊಟ್ಟೆ ಕಟ್ಟುವ ಖರ್ಚು ಎಲ್ಲರಿಗೂ ಎಟುಕುವಂಥದ್ದಲ್ಲ.

ಕೋಲ್ಮನ್ ರೋಗದ ಮೂಲವನ್ನು ಗುರುತಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಮದ್ದಾಗಿ ಅವರು ತಂದದ್ದು ಬೋರ್ಡೋ ದ್ರಾವಣ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ನೀಲಿ ನೀರು. ಅದು ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದದ್ದು. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಅಲ್ಲಿನವರು ಇದನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1880ರ ದಶಕದಲ್ಲಿ ಗಮನಿಸಿದರು. ಮಲೆನಾಡಿನ ಮಳೆಗೆ ಬರೀ ದ್ರಾವಣ ತೊಳೆದುಹೋಗುತ್ತದೆ. ಅದಕ್ಕೆ ಕೋಲ್ಮನ್ ರಾಳ ಮತ್ತು ಸೋಡಾದ ಅಂಟನ್ನು ಸೇರಿಸಿದರು.

ಈ ದ್ರಾವಣ ಮಾಡುವ ಕ್ರಮವನ್ನು ಗಮನಿಸಿ. 100 ಲೀಟರ್ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಬೇಕು, ಕಬ್ಬಿಣದ ಪಾತ್ರೆ ಕೂಡದು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಅದರಲ್ಲಿ ಕಬ್ಬಿಣದ ಚಾಕುವನ್ನು ಅದ್ದಿ ನೋಡಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ, ಹಾಗೇ ಹೊಡೆದರೆ ಗೊನೆ ಸುಡುತ್ತದೆ. ಮಾಡಿದ ದಿನವೇ ಮುಗಿಸಬೇಕು. ಹಿಂದುಮುಂದಾಗಿ ಗಟ್ಟಿಯಾಗಿ ಬೆರೆಸಿದರೆ ದಪ್ಪ ಕಣಗಳಾಗಿ ತಳ ಸೇರುತ್ತವೆ, ನಾಝಲ್ ಕಟ್ಟುತ್ತದೆ. ಸಾಮಾನು ಅದೇ, ತೂಕ ಅದೇ. ಕ್ರಮ ಮಾತ್ರ ಬೇರೆ.

ಈಗ ತಲಕಾಡಿನ ಡ್ರಮ್ಮಿಗೆ ಬರೋಣ. ಮೈಲುತುತ್ತ ಮತ್ತು ಸುಣ್ಣ ಕೂಡಿದಾಗ ನೀರಿನಲ್ಲಿ ಕರಗದ ಹೊಸ ವಸ್ತು ಹುಟ್ಟುತ್ತದೆ. ಅಡಿಕೆಗೆ ಅದೇ ಬೇಕು, ಅದೇ ಗೊನೆಗೆ ಅಂಟಿ ಕಾಯುವುದು. ಗೊಬ್ಬರದ ಡ್ರಮ್ಮಿನಲ್ಲೂ ಇಂಥದ್ದೇ ನಡೆದಿದೆ, ಆದರೆ ಇಲ್ಲಿ ಅದು ನಷ್ಟ. ಕ್ಯಾಲ್ಸಿಯಂ ನೈಟ್ರೇಟಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಲ್ಫೇಟಿನ ಸಲ್ಫೇಟ್ ಜೊತೆ ಕೂಡಿ ಜಿಪ್ಸಂ ಆಗುತ್ತದೆ. ಜಿಪ್ಸಂ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 2.4 ಗ್ರಾಂ ಮಾತ್ರ, ಉಳಿದದ್ದು ಗಷ್ಟು. 0-52-34ರ ರಂಜಕವೂ ಕ್ಯಾಲ್ಸಿಯಂ ಜೊತೆ ಸೇರಿ ಹೀಗೇ ತಳ ಹಿಡಿಯುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ, ಒಳ್ಳೆಯ ಗೊಬ್ಬರವೇ ಒಂದನ್ನೊಂದು ಕಟ್ಟಿಹಾಕಿದೆ.

ಹೀಗಾಗಿ ಎರಡು ಡ್ರಮ್ ಇರಬೇಕು. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಬೇಕಿದ್ದರೆ ಜೊತೆಗೆ ಕೀಲೇಟ್ ರೂಪದ ಕಬ್ಬಿಣ. ಇನ್ನೊಂದರಲ್ಲಿ ಸಲ್ಫೇಟ್ ಮತ್ತು ರಂಜಕದ ಲವಣಗಳು. 13-0-45 ಎರಡರಲ್ಲಿ ಯಾವುದಕ್ಕೂ ಆದೀತು. ಮಣ್ಣಿಲ್ಲದ ಬೆಳೆಗಾದರೆ ದೊಡ್ಡ ತೊಟ್ಟಿಯ ನೀರಿಗೆ ಮೊದಲು ಒಂದನ್ನು ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಇನ್ನೊಂದನ್ನು ಹಾಕಬೇಕು. ಅಷ್ಟು ತೆಳುವಾದ ಮೇಲೆ ಎರಡೂ ಹೊಂದಿಕೊಂಡಿರುತ್ತವೆ. ಹನಿ ನೀರಾವರಿಗೆ ಇನ್ನೂ ಸುಲಭ: ಒಂದನ್ನು ಒಂದು ದಿನ, ಮತ್ತೊಂದನ್ನು ಬೇರೆ ದಿನ ಬಿಡಿ. ಹೊಸ ಗೊಬ್ಬರ ತಂದಾಗ ಒಂದು ಗಾಜಿನ ಬಾಟಲಿಯಲ್ಲಿ, ಡ್ರಮ್ಮಿಗೆ ಹಾಕುವ ಪ್ರಮಾಣದಲ್ಲೇ ಬೆರೆಸಿ ಒಂದು ಗಂಟೆ ಬಿಟ್ಟು ನೋಡಿ. ನೀರು ಹಾಲಾದರೆ ಆ ಜೋಡಿ ಬೇಡ. ಕೋಲ್ಮನ್ ಕಾಲದ ಚಾಕು ಪರೀಕ್ಷೆಯ ಹಾಗೆ ಇದಕ್ಕೂ ಪ್ರಯೋಗಾಲಯ ಬೇಕಿಲ್ಲ.

ಕೋಲ್ಮನ್ 1913ರಲ್ಲಿ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಂಪನಿ, ಇವುಗಳ ಹಿಂದೆಲ್ಲ ಅವರ ದುಡಿಮೆಯಿದೆ. 1934ರಲ್ಲಿ ಮೈಸೂರು ಬಿಟ್ಟರು, 1954ರಲ್ಲಿ ಕೆನಡಾದಲ್ಲಿ ತೀರಿಕೊಂಡರು. ಮಲೆನಾಡಿನಲ್ಲಿ ಇಂದಿಗೂ ಮುಂಗಾರು ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಕೊನೆಗೌಡರು ಮರ ಹತ್ತಿ ಹೊಡೆಯುವುದು ಆ ನೀಲಿ ದ್ರಾವಣವನ್ನೇ.

ತಲಕಾಡಿನ ಓದುಗರು ಇನ್ನೂ ಒಂದು ಕೇಳಿದ್ದರು: ತಳದ ಗಷ್ಟು ವಿಷವೇ, ಎಲ್ಲಿ ಚೆಲ್ಲಲಿ? ಅದು ಬಹುಪಾಲು ಜಿಪ್ಸಂ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್, ವಿಷವಲ್ಲ. ಹನಿ ಪೈಪಿಗೆ ಮಾತ್ರ ಬಿಡಬೇಡಿ. ನೀರು ಬೆರೆಸಿ ತೆಳುವಾಗಿ ಹೊಲದ ಮಣ್ಣಿಗೆ ಹರಡಿ, ಬಾವಿ ಮತ್ತು ನಾಲೆಯಿಂದ ದೂರ.