ಜೇಮ್ಸ್ ವಾಟ್ ಮತ್ತು ಕೆಟ್ಟು ಕೂತಿದ್ದ ಮಾದರಿ ಎಂಜಿನ್ನು

ಜೇಮ್ಸ್ ವಾಟ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಕೆಟಲ್ ಕಥೆ. ನೀರು ಕುದಿಯುವಾಗ ಮುಚ್ಚಳ ಕುಣಿಯಿತು, ಹುಡುಗ ಅದನ್ನು ನೋಡಿದ, ಹಬೆ ಎಂಜಿನ್ ಕಂಡುಹಿಡಿದ ಅಂತ. ಕೇಳೋದಕ್ಕೆ ಚೆನ್ನಾಗಿದೆ. ಆದರೆ ವಾಟ್ ಹುಟ್ಟುವುದಕ್ಕೆ 24 ವರ್ಷ ಮೊದಲೇ, 1712ರಲ್ಲಿ, ಥಾಮಸ್ ನ್ಯೂಕೋಮನ್ ಎಂಬ ಇಂಗ್ಲೆಂಡಿನ ಕಬ್ಬಿಣದ ವ್ಯಾಪಾರಿ ಹಬೆ ಎಂಜಿನ್ ಮಾಡಿ ಗಣಿಯ ನೀರನ್ನು ಮೇಲೆತ್ತಿಸಿದ್ದ. ವಾಟ್ ಮಾಡಿದ್ದು ಬೇರೆ ಕೆಲಸ. ಅದು ಶುರುವಾಗಿದ್ದು ಪಾಠಕ್ಕೆ ಅಂತ ಇಟ್ಟಿದ್ದ, ಸರಿಯಾಗಿ ಓಡದೆ ಕೂತಿದ್ದ ಒಂದು ಪುಟ್ಟ ಮಾದರಿಯಿಂದ. ವಿಜ್ಞಾನ ಪ್ರದರ್ಶನಕ್ಕೆ ಹಬೆ ಎಂಜಿನ್ ಮಾದರಿ ಮಾಡ್ತೀವಿ ಅಂತ ಹೊರಟಿರುವವರು ಇದನ್ನು ಪೂರ್ತಿ ಓದಬೇಕು.

ವಾಟ್ ಹುಟ್ಟಿದ್ದು 1736ರ ಜನವರಿ 19ರಂದು, ಸ್ಕಾಟ್ಲೆಂಡಿನ ಗ್ರೀನಾಕ್ ಎಂಬ ಬಂದರಿನ ಊರಿನಲ್ಲಿ. ತಂದೆಗೆ ಹಡಗಿನ ಬಡಗಿ ಕೆಲಸ, ಜೊತೆಗೆ ವ್ಯಾಪಾರ. ಆ ವ್ಯಾಪಾರ ಗುಲಾಮರನ್ನು ದುಡಿಸುತ್ತಿದ್ದ ಅಮೆರಿಕದ ಕಡೆಯ ಸಕ್ಕರೆ, ಹೊಗೆಸೊಪ್ಪಿನ ಜೊತೆ ನಂಟಿದ್ದದ್ದು. ದೊಡ್ಡವರ ಚರಿತ್ರೆ ಬರೆಯುವಾಗ ಇದನ್ನೂ ಬರೆಯಬೇಕು. ಹುಡುಗ ಯಾವಾಗಲೂ ತಲೆನೋವು ಅಂತ ಮಲಗೋನು. ಶಾಲೆಗೆ ಸರಿಯಾಗಿ ಹೋಗಲಿಲ್ಲ, ಎಷ್ಟೋ ಪಾಠ ಮನೆಯಲ್ಲೇ ತಾಯಿಯಿಂದ ಆಯಿತು. ತಂದೆ ತಮ್ಮ ಕೆಲಸದ ಮನೆಯಲ್ಲಿ ಅವನಿಗೆ ಅಂತಲೇ ಸಣ್ಣ ಉಪಕರಣಗಳನ್ನೂ ಒಂದು ಪುಟ್ಟ ಕುಲುಮೆಯನ್ನೂ ಕೊಟ್ಟಿದ್ದರು. ಅಲ್ಲಿ ಕೂತು ರಾಟೆ, ಹಡಗಿನ ಸಾಮಾನುಗಳ ಮಾದರಿಗಳನ್ನು ಮಾಡ್ತಾ ಇದ್ದ.

1753ರಲ್ಲಿ ತಾಯಿ ತೀರಿಕೊಂಡರು. 1755ರಲ್ಲಿ ವಾಟ್ ಲಂಡನ್ನಿಗೆ ಹೋಗಿ ಅಳತೆಯ ಉಪಕರಣಗಳನ್ನು ಮಾಡೋ ಕೆಲಸ ಕಲಿತ. ಆ ಕಾಲದಲ್ಲಿ ಏಳು ವರ್ಷ ಶಿಷ್ಯವೃತ್ತಿ ಮಾಡಬೇಕಿತ್ತು. ಇವನು ಒಂದೇ ವರ್ಷದಲ್ಲಿ ಕಲಿತು, ಆರೋಗ್ಯ ಕೆಡಿಸಿಕೊಂಡು ವಾಪಸ್ ಬಂದ. ಗ್ಲಾಸ್ಗೋ ನಗರದಲ್ಲಿ ಅಂಗಡಿ ಇಡೋಣ ಅಂದರೆ ಅಲ್ಲಿನ ಕಸುಬುದಾರರ ಸಂಘ ಬಿಡಲಿಲ್ಲ. ಆಗ ಗ್ಲಾಸ್ಗೋ ವಿಶ್ವವಿದ್ಯಾಲಯದವರೇ ತಮ್ಮ ಆವರಣದಲ್ಲಿ ಒಂದು ಕೋಣೆ ಕೊಟ್ಟರು. ಅದು 1757. ಸಂಗೀತದ ಕಿವಿ ಇಲ್ಲದವನು ಕೊಳಲು, ಆರ್ಗನ್ ಕೂಡ ಮಾಡಿ ಮಾರಿದ್ದಾನೆ. ಹೊಟ್ಟೆಪಾಡು ಅಲ್ವಾ!

ಈಗ ಮುಖ್ಯ ವಿಷಯ. ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆ ಅಂತ ನ್ಯೂಕೋಮನ್ ಎಂಜಿನ್ನಿನ ಒಂದು ಮಾದರಿ ಇತ್ತು. ಸಿಲಿಂಡರಿನ ಅಗಲ 2 ಅಂಗುಲ, ಪಿಸ್ಟನ್ ಓಡಾಡುವ ದೂರ 6 ಅಂಗುಲ. ಲಂಡನ್ನಿಗೆ ರಿಪೇರಿಗೆ ಕಳಿಸಿದರೂ ಸರಿಹೋಗಿರಲಿಲ್ಲ. 1763ರ ಚಳಿಗಾಲದಲ್ಲಿ ಅದು ವಾಟನ ಮೇಜಿಗೆ ಬಂತು. ಬಿಚ್ಚಿದ, ಸರಿಮಾಡಿದ, ಬೆಂಕಿ ಹಾಕಿದ. ನಾಲ್ಕಾರು ಸಲ ಕುಟ್ಟಿ ನಿಂತುಹೋಯಿತು. ಬಾಯ್ಲರಿನ ಹಬೆಯೆಲ್ಲ ಖಾಲಿ!

ಬೇರೆಯವರಾಗಿದ್ದರೆ ಮಾದರಿ ಅಷ್ಟೇ, ಬಿಡಿ ಅಂತಿದ್ದರು. ವಾಟ್ ಹಬೆ ಎಲ್ಲಿ ಹೋಯಿತು ಅಂತ ಲೆಕ್ಕ ಹಾಕಲು ಕೂತ.

ನ್ಯೂಕೋಮನ್ ಎಂಜಿನ್ ಓಡೋ ರೀತಿ ಹೀಗೆ. ಸಿಲಿಂಡರಿನೊಳಗೆ ಹಬೆ ತುಂಬಬೇಕು. ಆಮೇಲೆ ಒಳಗೆ ತಣ್ಣೀರು ಚಿಮುಕಿಸಬೇಕು. ಹಬೆ ತಟ್ಟನೆ ನೀರಾಗಿ ಒಳಗೆ ಜಾಗ ಖಾಲಿ ಆಗುತ್ತೆ. ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತೆ. ನಮ್ಮ ಪಾಠದಲ್ಲಿ ತಗಡಿನ ಡಬ್ಬದಲ್ಲಿ ನೀರು ಕುದಿಸಿ, ಒಲೆಯಿಂದ ಇಳಿಸಿ, ಮುಚ್ಚಳ ಬಿಗಿದು ತಣ್ಣೀರು ಸುರಿದರೆ ಡಬ್ಬ ನಜ್ಜುಗುಜ್ಜಾಗುವ ಪ್ರಯೋಗ ಇದೆಯಲ್ಲ, ಅದೇ ಇದು. ಕಷ್ಟ ಏನಪ್ಪಾ ಅಂದರೆ ತಣ್ಣೀರು ಹಬೆಯ ಜೊತೆ ಸಿಲಿಂಡರನ್ನೂ ತಣ್ಣಗೆ ಮಾಡುತ್ತೆ. ಮುಂದಿನ ಸಲ ಬಂದ ಹಬೆಯಲ್ಲಿ ಬಹುಪಾಲು ಆ ತಣ್ಣನೆ ಲೋಹವನ್ನು ಕಾಯಿಸುವುದರಲ್ಲೇ ಮುಗಿದುಹೋಗುತ್ತೆ.

ಹಾಗಾದರೆ ಗಣಿಯ ದೊಡ್ಡ ಎಂಜಿನ್ ಓಡುತ್ತಿತ್ತಲ್ಲ, ಮಾದರಿ ಯಾಕೆ ನಿಂತಿತು? ಮನೆಯಲ್ಲೇ ನೋಡಿ. ಹಂಡೆಯ ಬಿಸಿನೀರು ಗಂಟೆಗಟ್ಟಲೆ ಬಿಸಿ ಇರುತ್ತೆ, ಅದರಿಂದ ಮೊಗೆದ ಲೋಟದ ನೀರು ಬೇಗ ಆರುತ್ತೆ. ಪಾತ್ರೆಯ ಅಳತೆ ಎರಡರಷ್ಟಾದರೆ ಒಳಗೆ ಹಿಡಿಯೋದು ಎಂಟರಷ್ಟು, ಆದರೆ ಹೊರಮೈ ನಾಲ್ಕರಷ್ಟೇ. ಚಿಕ್ಕದಾದಷ್ಟೂ ಇದ್ದ ಶಾಖಕ್ಕೆ ಹೊರಮೈ ಜಾಸ್ತಿ, ನಷ್ಟವೂ ಜಾಸ್ತಿ. ದೊಡ್ಡ ಎಂಜಿನ್ನಿನಲ್ಲಿ ಕಲ್ಲಿದ್ದಲಿನ ರಾಶಿಯ ಹಿಂದೆ ಅಡಗಿದ್ದ ತಪ್ಪು ಪುಟ್ಟ ಮಾದರಿಯಲ್ಲಿ ಎದ್ದು ಕಂಡಿತು. ನಮ್ಮಲ್ಲಿ ಯಾರದಾದರೂ ಮಾದರಿ ಪ್ರದರ್ಶನದ ದಿನ ಓಡದಿದ್ದರೆ ಮೊದಲು ಇದನ್ನು ನೋಡಬೇಕು: ಸಿಲಿಂಡರ್ ತಣ್ಣಗಿದೆಯೋ, ಬಿಸಿಯಿದೆಯೋ?

ವಾಟ್ ಅಳೆದೂ ನೋಡಿದ. ನೀರು ಹಬೆಯಾದರೆ ಸುಮಾರು 1800 ಪಟ್ಟು ಜಾಗ ಹಿಡಿಯುತ್ತೆ ಅಂತ ಅವನ ಲೆಕ್ಕ. ಈಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 1700. ಒಂದು ಪಾಲು ಹಬೆ ತನ್ನ ತೂಕದ ಆರರಷ್ಟು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುತ್ತೆ ಅಂತಲೂ ಕಂಡುಕೊಂಡ. ಇದು ಯಾಕೆ ಹೀಗೆ ಅಂತ ಅಲ್ಲಿನ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕ್ ವಿವರಿಸಿದರು. ನಾವು ಓದುವ ಗುಪ್ತೋಷ್ಣ ಅವರು ಕಂಡುಹಿಡಿದದ್ದೇ.

1765ರ ಮೇ ತಿಂಗಳ ಒಂದು ಭಾನುವಾರ ಗ್ಲಾಸ್ಗೋ ಗ್ರೀನ್ ಮೈದಾನದಲ್ಲಿ ನಡೆಯುತ್ತಿದ್ದಾಗ ಉತ್ತರ ಹೊಳೆಯಿತು. ಸಿಲಿಂಡರನ್ನು ಸದಾ ಬಿಸಿಯಾಗೇ ಇಡೋದು. ಹಬೆಯನ್ನು ಪಕ್ಕದ ಇನ್ನೊಂದು ಪಾತ್ರೆಗೆ ಎಳೆದು ಅಲ್ಲಿ ತಣ್ಣಗೆ ಮಾಡೋದು. ಆ ಪಕ್ಕದ ಪಾತ್ರೆಯೇ ಕಂಡೆನ್ಸರ್. ವೈದ್ಯರು ಬಳಸುವ ದೊಡ್ಡ ಹಿತ್ತಾಳೆ ಸಿರಿಂಜನ್ನೇ ಸಿಲಿಂಡರ್ ಮಾಡಿಕೊಂಡು ಪ್ರಯೋಗ ನಡೆಸಿದ. ಕೆಲಸ ಮಾಡಿತು.

ಮಾದರಿ ಓಡಿತು, ಇನ್ನೇನು ದೊಡ್ಡದು ಮಾಡಿದರೆ ಆಯಿತು ಅಂತ ನಾವಂದುಕೊಳ್ತೀವಿ. ಆದರೆ ದೊಡ್ಡದು ಓಡಲು ಮತ್ತೆ 11 ವರ್ಷ ಬೇಕಾಯಿತು! ಯಾಕೆಂದರೆ ಸರಿಯಾಗಿ ದುಂಡಗಿರುವ ದೊಡ್ಡ ಸಿಲಿಂಡರ್ ಮಾಡೋ ಲೋಹದ ಕೆಲಸ ಆಗ ಯಾರಿಗೂ ಗೊತ್ತಿರಲಿಲ್ಲ. ಸುತ್ತಿಗೆಯಲ್ಲಿ ಬಡಿದು ಮಾಡಿದ ಸಿಲಿಂಡರ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಸಂದಿಯಲ್ಲಿ ಹಬೆ ಸೋರೋದು. ಬಟ್ಟೆ, ಬಿರಡೆ, ಕಾಗದ, ಕೊನೆಗೆ ಕುದುರೆ ಲದ್ದಿಯನ್ನೂ ಪಿಸ್ಟನ್ನಿನ ಸುತ್ತ ತುರುಕಿ ನೋಡಿದ. ಹಣ ಹಾಕಿದ್ದ ರೋಬಕ್ ಎಂಬುವನು ದಿವಾಳಿಯಾದ. 1769ರಲ್ಲಿ ಪೇಟೆಂಟ್ ಸಿಕ್ಕಿದ್ದರೂ ಊಟಕ್ಕೆ ದಾರಿ ಇಲ್ಲದೆ ವಾಟ್ ಕಾಲುವೆಗಳಿಗೆ ಸರ್ವೆ ಮಾಡೋ ಕೆಲಸಕ್ಕೆ ಹೋದ. 1773ರಲ್ಲಿ ದೂರದ ಬೆಟ್ಟದ ಸೀಮೆಯಲ್ಲಿ ಸರ್ವೆ ಮಾಡುತ್ತಿದ್ದಾಗ ಹೆಂಡತಿ ಮಾರ್ಗರೆಟ್ ಹೆರಿಗೆಯಲ್ಲಿ ತೀರಿಕೊಂಡಳು. ಇವನು ಮನೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮರುವರ್ಷ ಬರ್ಮಿಂಗ್‌ಹ್ಯಾಮಿಗೆ ಹೋಗಿ ಮ್ಯಾಥ್ಯೂ ಬೋಲ್ಟನ್ ಎಂಬ ಕಾರ್ಖಾನೆಯ ಯಜಮಾನನ ಜೊತೆ ಸೇರಿದ. ಅದೇ ಕಾಲಕ್ಕೆ ಜಾನ್ ವಿಲ್ಕಿನ್‌ಸನ್ ಎಂಬಾತ ಫಿರಂಗಿ ಕೊರೆಯಲು ಹೊಸ ಯಂತ್ರ ಮಾಡಿದ್ದ. ಅದೇ ದಾರಿಯಲ್ಲಿ 50 ಅಂಗುಲ ಅಗಲದ ಸಿಲಿಂಡರನ್ನು ಒಂದು ಹಳೆಯ ನಾಣ್ಯದ ದಪ್ಪದಷ್ಟೂ ವ್ಯತ್ಯಾಸ ಬಾರದ ಹಾಗೆ ಕೊರೆದುಕೊಟ್ಟ. 1776ರಲ್ಲಿ ಎಂಜಿನ್ನುಗಳು ಓಡಿದವು. ನನ್ನ ಪ್ರಕಾರ ವಿಲ್ಕಿನ್‌ಸನ್ನನ ಹೆಸರೂ ಪುಸ್ತಕದಲ್ಲಿ ದೊಡ್ಡಕ್ಷರದಲ್ಲಿ ಬರಬೇಕು. ಕೊರೆಯೋ ಕೆಲಸ ಎಷ್ಟು ನಾಜೂಕು ಅನ್ನೋದು ನಮ್ಮ ಯಲಹಂಕದವರಿಗೆ ಗೊತ್ತಿರಬೇಕು. 1984ರಿಂದ ಇಲ್ಲಿರುವ ರೈಲು ಗಾಲಿ ಕಾರ್ಖಾನೆಯಲ್ಲಿ, ದೊಡ್ಡವರು ಇನ್ನೂ ವೀಲ್ ಅಂಡ್ ಆಕ್ಸಲ್ ಅಂತಾರಲ್ಲ ಅಲ್ಲಿ, ಗಾಲಿಯ ನಡುವಿನ ತೂತನ್ನು ಅಳತೆಗೆ ಸರಿಯಾಗಿ ಕೊರೆದು ಆಮೇಲೇ ಆಕ್ಸಲ್ಲಿಗೆ ಒತ್ತಿ ಕೂರಿಸೋದು.

ಬೋಲ್ಟನ್ ಮತ್ತು ವಾಟ್ ಎಂಜಿನ್ನನ್ನು ಸುಮ್ಮನೆ ಮಾರುತ್ತಿರಲಿಲ್ಲ. ಹಳೆ ಎಂಜಿನ್ನಿಗಿಂತ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯಲ್ಲಿ ಮೂರನೇ ಒಂದು ಪಾಲು ತಮಗೆ ಕೊಡಿ ಅಂತ ಕರಾರು. ಕಾರ್ನ್‌ವಾಲ್ ಎಂಬ ಸೀಮೆಯ ತವರ, ತಾಮ್ರದ ಗಣಿಗಳವರು ಮೊದಲು ಖುಷಿಯಿಂದ ಕೊಂಡರು, ಆಮೇಲೆ ದುಡ್ಡು ಕೊಡಲು ಜಗಳ ತೆಗೆದರು. ಇದೇ ಕಾರ್ನ್‌ವಾಲಿನ ಗಣಿಗಾರರ ಪೈಕಿ ಎಷ್ಟೋ ಜನ ನೂರು ವರ್ಷದ ಮೇಲೆ ನಮ್ಮ ಕೋಲಾರದ ಚಿನ್ನದ ಗಣಿಗೆ ಬಂದರು.

ಮುಂದೆ ವಾಟ್ ಎಂಜಿನ್ನಿನಿಂದ ಚಕ್ರ ತಿರುಗಿಸಿದ, ಪಿಸ್ಟನ್ನಿನ ಎರಡೂ ಕಡೆ ಹಬೆ ಬಿಟ್ಟ, 1788ರಲ್ಲಿ ವೇಗ ತಾನೇ ಹತೋಟಿಗೆ ಬರುವಂತೆ ಎರಡು ಗುಂಡುಗಳ ಗವರ್ನರ್ ಅಳವಡಿಸಿದ. ಕುದುರೆ ಇಟ್ಟುಕೊಂಡವರಿಗೆ ಅರ್ಥವಾಗಲಿ ಅಂತ ಎಂಜಿನ್ನಿನ ಶಕ್ತಿಯನ್ನು ಕುದುರೆಯ ಲೆಕ್ಕದಲ್ಲಿ ಹೇಳಿದ. ಒಂದು ನಿಮಿಷಕ್ಕೆ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತಿದರೆ ಒಂದು ಎಚ್.ಪಿ. ತೋಟದ ಬೋರ್‌ವೆಲ್ಲಿಗೆ 5 ಎಚ್.ಪಿ. ಮೋಟಾರು ಅಂತ ನಮ್ಮಪ್ಪಂದಿರು ಹೇಳೋದು ಇದನ್ನೇ. ಒಂದು ಎಚ್.ಪಿ. ಅಂದರೆ 746 ವಾಟ್.

ಇಷ್ಟಾದರೂ ಒತ್ತಡ ಜಾಸ್ತಿ ಇರುವ ಹಬೆ ಅಂದರೆ ಅವನಿಗೆ ಭಯ. ಬಾಯ್ಲರ್ ಸಿಡಿದು ಜನ ಸಾಯ್ತಾರೆ ಅಂತ. ಅವನ ಕೈಕೆಳಗಿನ ವಿಲಿಯಂ ಮರ್ಡಾಕ್ 1784ರಲ್ಲಿ ಓಡುವ ಪುಟ್ಟ ಹಬೆ ಗಾಡಿಯ ಮಾದರಿ ಮಾಡಿದಾಗಲೂ ವಾಟ್ ಪ್ರೋತ್ಸಾಹಿಸಲಿಲ್ಲ. 1800ರಲ್ಲಿ ಪೇಟೆಂಟ್ ಮುಗಿದ ಮೇಲೆ, 1804ರಲ್ಲಿ ರಿಚರ್ಡ್ ಟ್ರೆವಿಥಿಕ್ ಹಳಿಯ ಮೇಲೆ ಹಬೆ ಎಂಜಿನ್ ಓಡಿಸಿದ. 1915ರಲ್ಲಿ ನಮ್ಮ ಕಡೆ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಹಳಿಯ ಮೇಲೆ ಹೊಗೆ ಬಿಟ್ಟುಕೊಂಡು ಹೊರಟ ಸಣ್ಣ ರೈಲಿನ ಎಂಜಿನ್ನು ಟ್ರೆವಿಥಿಕ್ಕನ ದಾರಿಯದು, ವಾಟನದಲ್ಲ. ರೈಲಿನ ವಿಷಯದಲ್ಲಿ ವಾಟ್ ದಾರಿಗೆ ಅಡ್ಡ ನಿಂತ ಅಂತಲೇ ಹೇಳಬೇಕು. ಆದರೆ ಅವನ ಭಯ ಸುಳ್ಳಲ್ಲ. ಮುಚ್ಚಳ ಬಿಗಿದ ಡಬ್ಬ, ಬಾಟಲಿ, ಹಳೆಯ ಕುಕ್ಕರ್ ಇವನ್ನು ಬಾಯ್ಲರ್ ಮಾಡಿ ಒಲೆ ಮೇಲೆ ಇಡೋದು ಬೇಡವೇ ಬೇಡ. ಜಾತ್ರೆಯಲ್ಲಿ ಮಾರುವ, ಪುಟ ಪುಟ ಸದ್ದು ಮಾಡುವ ತಗಡಿನ ದೋಣಿ ಮಾಡಬಹುದು. ಅದರ ಕೊಳವೆಗಳ ಬಾಯಿ ನೀರಿನಲ್ಲಿ ತೆರೆದೇ ಇರೋದರಿಂದ ಒತ್ತಡ ಒಳಗೆ ಕಟ್ಟಿಕೊಳ್ಳೋದಿಲ್ಲ. ದೀಪ ಹಚ್ಚುವಾಗ ಮೇಷ್ಟ್ರು ಜೊತೆಗಿರಲಿ.

ವಾಟ್ 1800ರಲ್ಲಿ ವ್ಯಾಪಾರ ಬಿಟ್ಟ. 1804ರಲ್ಲಿ ಮಗ ಗ್ರೆಗರಿ ಕಾಯಿಲೆಯಿಂದ ಸತ್ತ. ಮುದುಕನಾದ ಮೇಲೂ ಮನೆಯ ಅಟ್ಟದಲ್ಲಿ ಕೂತು ಶಿಲ್ಪಗಳನ್ನು ನಕಲು ಮಾಡುವ ಯಂತ್ರ ಕಟ್ಟುತ್ತಿದ್ದ. 1819ರ ಆಗಸ್ಟ್ 25ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡ. ಅಟ್ಟದ ಕೋಣೆಯನ್ನು ಹಾಗೇ ಬೀಗ ಹಾಕಿ ಇಟ್ಟಿದ್ದರು. 1924ರಲ್ಲಿ ಅದರ ಸಾಮಾನುಗಳನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿಗೆ ಸಾಗಿಸಿದರು. ಪಾಠದ ಆ ಪುಟ್ಟ ಮಾದರಿ ಮಾತ್ರ ಗ್ಲಾಸ್ಗೋ ವಿಶ್ವವಿದ್ಯಾಲಯದ ಹಂಟೇರಿಯನ್ ಮ್ಯೂಸಿಯಮ್ಮಿನಲ್ಲೇ ಇದೆ.