ಎದುರಾಳಿಯಿಲ್ಲದ ಜೂಜು: ಚಾರ್ಲ್ಸ್ ಫೇ

ಧರ್ಮರಾಯನೆದುರು ಶಕುನಿ ಕುಳಿತಿದ್ದನು. ಸೋತವನಿಗೆ ಗೆದ್ದವನ ಮುಖವಾದರೂ ಕಾಣುತ್ತಿತ್ತು. ಆ ಮುಖವನ್ನೇ ಅಳಿಸಿ ಅದರ ಸ್ಥಾನದಲ್ಲಿ ಕಬ್ಬಿಣದ ಪೆಟ್ಟಿಗೆಯೊಂದನ್ನು ನಿಲ್ಲಿಸಿದವರಲ್ಲಿ ಚಾರ್ಲ್ಸ್ ಫೇಯ ಹೆಸರೇ ಮೊದಲು ನೆನಪಾಗುವಂಥದು. ಲಾಸ್ ವೇಗಾಸಿನಿಂದ ಗೋವೆಯವರೆಗೆ ಇಂದು ಮಿನುಗುವ ಜೂಜುಯಂತ್ರಗಳ ಮೂಲಪುರುಷನೆಂದು ಲೋಕವು ಆತನನ್ನು ಬಲ್ಲುದು.

ಫೇ 1862ರಲ್ಲಿ ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ ಜನಿಸಿದನು. ತಂದೆತಾಯಿಗಳಿಟ್ಟ ಹೆಸರು ಆಗಸ್ಟ್. ಮಕ್ಕಳು ತುಂಬಿದ ಮನೆ, ಈತನೇ ಕಿರಿಯವನು. ಹದಿಹರೆಯದಲ್ಲಿಯೇ ಮನೆಬಿಟ್ಟು ಫ್ರಾನ್ಸಿಗೆ ಹೋದನು. ಮುಂದೆ ಲಂಡನ್ನಿನಲ್ಲಿ ಹಡಗಿನ ಉಪಕರಣಗಳನ್ನು ಮಾಡುವ ಕೆಲಸದಲ್ಲಿ ಕೈ ಪಳಗಿಸಿಕೊಂಡನು. 1885ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಸೇರಿದನು. ಅಲ್ಲಿ ಕ್ಷಯರೋಗ ಹಿಡಿಯಿತು. ಹೆಚ್ಚು ದಿನ ಬದುಕಲಾರನೆಂದು ವೈದ್ಯರು ಕೈಚೆಲ್ಲಿದ ಆ ಮನುಷ್ಯ 1944ರವರೆಗೆ ಬದುಕಿದನು. ಸಂಭವಗಳ ಲೆಕ್ಕವನ್ನೇ ಕಸುಬಾಗಿಸಿಕೊಂಡವನ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಪಂದ್ಯ ಬೇರಾವುದಿದ್ದೀತು?

ನಾಣ್ಯ ಹಾಕಿ ಆಡುವ ಯಂತ್ರಗಳು ಅವನಿಗಿಂತ ಮೊದಲೇ ಇದ್ದುವು. 1891ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಇಸ್ಪೀಟಿನ ಎಲೆಗಳನ್ನು ಐದು ಉರುಳೆಗಳಿಗೆ ಅಂಟಿಸಿದ ಯಂತ್ರವೊಂದು ಸಿದ್ಧವಾಗಿತ್ತು. ಆದರೆ ಗೆಲುವಿನ ಬಗೆಗಳು ಅದರಲ್ಲಿ ಲೆಕ್ಕಕ್ಕೆ ಮೀರಿದ್ದುದರಿಂದ ಗೆದ್ದವನಿಗೆ ಬಹುಮಾನ ಕೊಡುವುದು ಯಂತ್ರದ ಕೈಲಾಗುತ್ತಿರಲಿಲ್ಲ. ಸಾರಾಯಿ ಅಂಗಡಿಯವನೇ ಒಂದು ಲೋಟ ಬಿಯರನ್ನೋ ಚುಟ್ಟವನ್ನೋ ಕೊಡಬೇಕಾಗಿತ್ತು. ಫೇ ಮಾಡಿದ್ದು ಕೂಡಿಸುವ ಕೆಲಸವಲ್ಲ, ಕಳೆಯುವ ಕೆಲಸ. ಐದು ಉರುಳೆಗಳನ್ನು ಮೂರಕ್ಕಿಳಿಸಿದನು. ಎಲೆಗಳನ್ನು ಬಿಟ್ಟು ಲಾಳ, ಇಸ್ಪೀಟು, ಡೈಮಂಡು, ಹಾರ್ಟು, ಒಡೆದ ಗಂಟೆ ಎಂಬ ಕೆಲವೇ ಚಿಹ್ನೆಗಳನ್ನು ಉಳಿಸಿದನು. ಹಿಡಿಯನ್ನೆಳೆದರೆ ಸ್ಪ್ರಿಂಗಿನ ಬಲದಿಂದ ಚಕ್ರಗಳು ತಿರುಗುವುವು. ಒಂದಾದ ಮೇಲೊಂದು ನಿಲ್ಲುವುವು. ಚಕ್ರದ ಬದಿಯ ಕಚ್ಚುಗಳನ್ನು ಲೋಹದ ಬೆರಳುಗಳು ತಡವಿ, ಗೆಲುವಿದ್ದರೆ ತಕ್ಕಷ್ಟು ನಾಣ್ಯಗಳನ್ನು ಕೆಳಗೆ ಬೀಳಿಸುವುವು. ಪೀಣ್ಯದಲ್ಲಿ ಲೇತಿನ ಮುಂದೆ ನಿಂತು ಹಲ್ಲಿನ ಚಕ್ರ ಕಡೆಯುವ ಕೆಲಸಗಾರನಿಗೆ ಈ ಯಂತ್ರವನ್ನು ಬಿಚ್ಚಿ ತೋರಿಸಿದರೆ ಅರ್ಧ ಗಂಟೆಯಲ್ಲಿ ಅದರ ಗುಟ್ಟನ್ನು ಹೇಳಿಯಾನು.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಹೊರಬಂದ ಈ ಯಂತ್ರಕ್ಕೆ 'ಲಿಬರ್ಟಿ ಬೆಲ್' ಎಂದು ಹೆಸರಾಯಿತು. ಒಂದೊಂದು ಚಕ್ರಕ್ಕೆ ಹತ್ತು ನಿಲುಗಡೆ. ಮೂರೂ ಸೇರಿ ಸಾವಿರ ಜೋಡಣೆ. ಚಕ್ರಕ್ಕೊಂದೇ ಗಂಟೆಯಿದ್ದರೆ ಮೂರು ಗಂಟೆಗಳು ಕೂಡಿಬರುವುದು ಸಾವಿರಕ್ಕೊಮ್ಮೆ. ಆ ಮಹಾಭಾಗ್ಯಕ್ಕೆ ದೊರೆಯುತ್ತಿದ್ದುದು ಐದು ಸೆಂಟಿನ ಹತ್ತು ನಾಣ್ಯ! ಆಟ ಲಾಭದ್ದಲ್ಲವೆಂಬುದು ನಿಜ. ಆದರೆ ತಾಳ್ಮೆಯಿದ್ದವನು ಕಿಟಕಿಯ ಮುಂದೆ ನಿಂತು ಚಿಹ್ನೆಗಳನ್ನು ಎಣಿಸಿ ತನ್ನ ಸೋಲನ್ನು ಮೊದಲೇ ತಿಳಿಯಬಹುದಾಗಿತ್ತು. ಫೇಯ ಯಂತ್ರಕ್ಕೆ ಈ ಒಂದು ಪ್ರಾಮಾಣಿಕತೆಯಿತ್ತೆಂದು ನಾನು ಭಾವಿಸುತ್ತೇನೆ.

ಫೇ ಈ ಯಂತ್ರಕ್ಕೆ ಪೇಟೆಂಟು ಪಡೆಯಲಿಲ್ಲ. ಯಂತ್ರಗಳನ್ನು ಮಾರದೆ, ಅಂಗಡಿಗಳಲ್ಲಿಟ್ಟು ಗಳಿಕೆಯಲ್ಲಿ ಅರ್ಧ ಪಾಲನ್ನು ಪಡೆದನು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಅವನ ಕಾರ್ಯಾಗಾರ ಹಾಳಾಯಿತು. ಮರುವರ್ಷವೇ ಷಿಕಾಗೋದ ಮಿಲ್ಸ್ ಕಂಪೆನಿ ಅದೇ ಮಾದರಿಯ ಯಂತ್ರಗಳನ್ನು ತಯಾರಿಸತೊಡಗಿತು. 1909ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವು ಇಂಥ ಯಂತ್ರಗಳನ್ನೇ ನಿಷೇಧಿಸಿತು.

ಅವನ ಕಾಲಾನಂತರ ಕಿಟಕಿಯ ಅರ್ಥವೇ ಬದಲಾಯಿತು. 1984ರಲ್ಲಿ ಇಂಗೆ ಟೆಲ್ನೆಸ್ ಎಂಬ ತಂತ್ರಜ್ಞನಿಗೆ ಅಮೆರಿಕದಲ್ಲಿ ಒಂದು ಪೇಟೆಂಟು ದೊರೆಯಿತು. ಅದರಂತೆ ಗಣಕವು ಮೊದಲೇ ಒಂದು ಸಂಖ್ಯೆಯನ್ನು ಆರಿಸುತ್ತದೆ. ಚಕ್ರವು ಆ ಆಜ್ಞೆಯಂತೆ ಬಂದು ನಿಲ್ಲುತ್ತದೆ. ಕಣ್ಣಿಗೆ ಇಪ್ಪತ್ತರಲ್ಲೊಂದಾಗಿ ಕಾಣುವ ಚಿಹ್ನೆ ಲೆಕ್ಕದಲ್ಲಿ ಅದಕ್ಕಿಂತ ಎಷ್ಟೋ ಅಪರೂಪವಾಗಿರಬಹುದು. ಎಣಿಸುವವನ ತಾಳ್ಮೆ ಇಲ್ಲಿ ವ್ಯರ್ಥ. ನಮ್ಮ ರಾಜ್ಯದಲ್ಲಿ ಜೂಜುಕಟ್ಟೆಗಳಿಗೆ 1963ರ ಪೊಲೀಸ್ ಕಾಯಿದೆಯ ತಡೆಯಿದೆ. ಆದರೂ ಹೊರದೇಶದ ಜೂಜುಯಂತ್ರಗಳಿಗೆ ಬೇಕಾದ ತಂತ್ರಾಂಶವನ್ನು ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ಬರೆಯುವ ತರುಣ ಎಂಜಿನಿಯರುಗಳಿದ್ದಾರೆ. ಅವರು ಹೆಣೆಯುವ ಚಕ್ರ ಕೈಗೆ ಸಿಕ್ಕುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ.

ಫೇಯ ಮೂಲ ಯಂತ್ರಗಳಲ್ಲಿ ಉಳಿದಿರುವುವು ಕೆಲವೇ. ಅವುಗಳಲ್ಲೊಂದನ್ನು ಅವನ ಮೊಮ್ಮಕ್ಕಳು ನೆವಾಡಾದ ರೀನೋ ನಗರದ ತಮ್ಮ ಉಪಾಹಾರಗೃಹದಲ್ಲಿ 2006ರವರೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.